ಹನ್ನೊಂದು ದಿನದ ಅಂಕಿ

ಆಲ್ದೂರಿನಿಂದ ಮೂಡಿಗೆರೆ ಕಡೆಗೆ ಹೋಗುವಾಗ ಕುಂಬ್ರಿಹಳ್ಳದ ಸೇತುವೆ ದಾಟಿ ಕೆಳಗಿಳಿದರೆ ಒಂದು ಗಿಡ್ಡ ಕಟ್ಟೆ ಇದೆ. ಅದರ ನಡುವೆ ನೀರು ಹಾಯಲು ಕಿಂಡಿ, ಕಿಂಡಿಯ ಪಕ್ಕ ಸೆಂಟಿಮೀಟರಿನ ಗೆರೆ ಹಾಕಿದ ಕಬ್ಬಿಣದ ಪಟ್ಟಿ. ಬೆಳಿಗ್ಗೆ ಎಂಟಕ್ಕೊಮ್ಮೆ, ಸಂಜೆ ಐದಕ್ಕೊಮ್ಮೆ ಆ ಪಟ್ಟಿ ನೋಡಿ ನೀರಿನ ಮಟ್ಟವನ್ನು ಪುಸ್ತಕದಲ್ಲಿ ಬರೆದು ಇಲಾಖೆಯ ಕಚೇರಿಗೆ ತಿಳಿಸುವುದು ದೇವೇಂದ್ರನ ಕೆಲಸ. ಆಷಾಢದಲ್ಲಿ ಕಾಲಿಗೆ ಕಚ್ಚಿ ರಕ್ತ ಹೀರುವ ಇಂಬಳ ಕಿತ್ತೆಸೆಯುತ್ತ ಹೋಗಿ ನೋಡಿ ಬರುತ್ತಿದ್ದ. ಅವನ ಅಪ್ಪ ಎಸ್ಟೇಟಿನ ಆಳು, ಹಾಜರಿಗೆ ಹೆಬ್ಬೆಟ್ಟು ಒತ್ತುತ್ತಿದ್ದವರು. ಮಗ ಬರೆದ ಅಂಕಿಯನ್ನು ಇಂಜಿನಿಯರುಗಳು ಓದುತ್ತಾರೆ ಎಂಬುದು ಮನೆಯವರಿಗೆಲ್ಲ ಸಣ್ಣ ಸಂಗತಿಯಾಗಿರಲಿಲ್ಲ.

ಏಳು ವರ್ಷದ ಹಿಂದೆ, ಮಾರ್ಚ್ ತಿಂಗಳಲ್ಲಿ, ಹೆಂಡತಿ ಕುಸುಮಾಳಿಗೆ ಹೊಟ್ಟೆನೋವು ತಡೆಯಲಾರದಷ್ಟು ಬಂತು. ಚಿಕ್ಕಮಗಳೂರಿಗೆ ಕರೆದೊಯ್ದಾಗ ಗರ್ಭಕೋಶ ತೆಗೆಯಬೇಕೆಂದರು. ದೇವೇಂದ್ರ ಕಚೇರಿಗೆ ಫೋನು ಮಾಡಿ ಬದಲಿ ಜನ ಕಳಿಸಿ ಎಂದು ಕೇಳಿದ. "ಬದಲಿ ಎಲ್ಲಿಂದ ತರೋದು ಮಾರಾಯ? ಹೇಗಾದ್ರೂ ನೋಡ್ಕೊ. ಖಾಲಿ ಮಾತ್ರ ಬಿಡ್ಬೇಡ," ಎಂದರು ಗುಮಾಸ್ತರು. ಮೂರು ದಿನದ ಸಾಲು ಖಾಲಿ ಬಿಟ್ಟದ್ದಕ್ಕೇ ಅವನಿಗಿಂತ ಮೊದಲಿನವನನ್ನು ತೆಗೆದುಹಾಕಿದ್ದರು.

ಹೊರಡುವ ಬೆಳಿಗ್ಗೆ ಪಟ್ಟಿಯಲ್ಲಿ ಹದಿನಾಲ್ಕಿತ್ತು. ಬೇಸಿಗೆಯ ನೀರು ಹೇಗೆ ಇಳಿಯುತ್ತದೆಂದು ಅವನಿಗೆ ಗೊತ್ತಿಲ್ಲವೇ? ಆಸ್ಪತ್ರೆಯ ವರಾಂಡದಲ್ಲಿ ನಿಂತು ಎಂಟಕ್ಕೂ ಐದಕ್ಕೂ ಮೊಬೈಲಿನಲ್ಲಿ ಅಂಕಿ ಕಳಿಸಿದ. ಹದಿಮೂರು, ಹದಿಮೂರು, ಹನ್ನೆರಡು. ಹನ್ನೊಂದನೆಯ ದಿನದ ಹೊತ್ತಿಗೆ ಅಂಕಿಯನ್ನು ಎಂಟಕ್ಕೆ ಇಳಿಸಿದ್ದ.

ಊರಿಗೆ ಮರಳಿ, ಚೀಲವನ್ನೂ ಇಳಿಸದೆ ಕಟ್ಟೆಗೆ ಓಡಿದರೆ ನೀರು ಎರಡರ ಗೆರೆಯಲ್ಲಿತ್ತು. ಆ ವರ್ಷ ಕಾಫಿಗಿಡ ಅರಳಿಸುವ ಹೂಮಳೆ ಕೈಕೊಟ್ಟಿತ್ತು. ಮೇಲಿನ ತೋಟದವರೆಲ್ಲ ಕಾಫಿ ಹೂವಿಗೆಂದು ಹಳ್ಳಕ್ಕೆ ಮೋಟಾರು ಹಾಕಿ ಸ್ಪ್ರಿಂಕ್ಲರ್ ಬಿಟ್ಟಿದ್ದರು. ಕಟ್ಟೆಯ ಕೆಳಗಿನ ಕಾಲನಿಯ ಹುಚ್ಚಮ್ಮ ಬಟ್ಟೆ ಒಗೆಯಲು ಬಂದವಳು ಹೇಳಿದಳು: "ಇವತ್ತೇ ವಾಸಿ ಕಣೋ ದೇವೇಂದ್ರ. ಮೊನ್ನೆ ಎರಡು ದಿನ ಹಳ್ಳ ಹರೀಲೇ ಇಲ್ಲ."

ಎರಡು ಎಂದು ಕಳಿಸಿದ್ದರೆ ಎಂಟರಿಂದ ಒಂದೇ ರಾತ್ರಿಗೆ ಎರಡು ಹೇಗಾಯಿತೆಂದು ಕೇಳುತ್ತಿದ್ದರು. ದೇವೇಂದ್ರ ಎಂಟು ಎಂದೇ ಕಳಿಸಿದ. ಮೂರನೆಯ ದಿನ ಜೋರು ಮಳೆ ಬಂದು ಹಳ್ಳ ತುಂಬಿತು. ಸುಳ್ಳು ಮುಚ್ಚಿಹೋಯಿತೆಂದು ಅವನು ನಿಟ್ಟುಸಿರು ಬಿಟ್ಟ.

ಎರಡು ವರ್ಷ ಕಳೆದ ಮೇಲೆ ಶಶಿಕಿರಣ್ ಎಂಬ ಇಂಜಿನಿಯರು ಲ್ಯಾಪ್‌ಟಾಪ್ ಹಿಡಿದು ಮನೆಗೇ ಬಂದರು. ಇನ್ನೂ ಮೂವತ್ತು ದಾಟದವರು, ಮಾತು ಮೆದು. ಕುಂಬ್ರಿಹಳ್ಳದಿಂದ ಪೇಟೆಗೆ ಕುಡಿಯುವ ನೀರು ಒಯ್ಯುವ ಯೋಜನೆ. ಎಂಥ ಬೇಸಿಗೆಯಲ್ಲೂ ಹಳ್ಳದಲ್ಲಿ ಎಷ್ಟು ನೀರು ಇರುತ್ತದೆಂದು ಮುಂದಾಗಿ ಲೆಕ್ಕ ಹಾಕಿ ಹೇಳುವುದು ಅವರ ಪಾಲಿನ ಕೆಲಸ.

"ನಿಮ್ಮ ಪುಸ್ತಕ ನೋಡಿ ಖುಷಿಯಾಯ್ತು ದೇವೇಂದ್ರಣ್ಣ. ಒಂದು ದಿನಾನೂ ಖಾಲಿ ಇಲ್ಲ. ಆ ಬರಗಾಲದ ವರ್ಷಾನೂ ಎಂಟಕ್ಕಿಂತ ಕೆಳಗಿಳಿದಿಲ್ಲ. ನನ್ನ ಲೆಕ್ಕ ನಿಂತಿರೋದೇ ಅದರ ಮೇಲೆ," ಎಂದರು.

ಕುಸುಮಾ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಅವಳ ಮುಖ ಅರಳಿತ್ತು. ದೇವೇಂದ್ರನ ಬಾಯಿಗೆ ಮಾತು ಬಂದಿತ್ತು. ಅವಳ ಮುಖ ನೋಡಿ ನುಂಗಿಕೊಂಡ. ಯೋಜನೆ ಉದ್ಘಾಟನೆಯಾದ ದಿನ ವೇದಿಕೆಯ ಮೇಲೆ ಕರೆದು ಅವನಿಗೂ ಒಂದು ಶಾಲು ಹೊದಿಸಿದರು.

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಹೂಮಳೆ ಮತ್ತೆ ಬರಲಿಲ್ಲ. ಮೇಲಿನವರು ಸ್ಪ್ರಿಂಕ್ಲರ್ ಬಿಟ್ಟರು, ಉಳಿದದ್ದನ್ನು ಪೇಟೆಯ ಪಂಪು ಕಟ್ಟೆಯ ಹಿಂದೆಯೇ ಎಳೆದುಕೊಂಡಿತು. ಪಟ್ಟಿಯಲ್ಲಿ ಇಪ್ಪತ್ತಾರು ದಿನ ಸೊನ್ನೆ. ಪೇಟೆಗೆ ವಾರಕ್ಕೊಮ್ಮೆ ನೀರು, ಕೆಳಗಿನ ಕಾಲನಿಯ ಮೂವತ್ತು ಮನೆಗೆ ಅದೂ ಇಲ್ಲ. ಹೆಂಗಸರು ಗುಡ್ಡದ ಒರತೆಗೆ ಕೊಡ ಹೊತ್ತು ಹತ್ತತೊಡಗಿದರು. ಎಪ್ಪತ್ತು ದಾಟಿದ ಹುಚ್ಚಮ್ಮನೂ ಹತ್ತಿದಳು. ಒಂದು ಬೆಳಿಗ್ಗೆ ಇಳಿಯುವಾಗ ಜಾರಿ ಬಿದ್ದು ಸೊಂಟ ಮುರಿದುಕೊಂಡಳು.

ದೇವೇಂದ್ರ ಅವಳ ಚಾಪೆಯ ಪಕ್ಕ ಕುಳಿತು ಎಲ್ಲವನ್ನೂ ಹೇಳಿದ. ಆಸ್ಪತ್ರೆಯ ವರಾಂಡ, ಹನ್ನೊಂದು ದಿನ, ಎಂಟು. ಅವಳು ಸೂರನ್ನು ನೋಡುತ್ತ ಕೇಳಿದಳು.

"ಎರಡು ದಿನ ಹಳ್ಳ ನಿಂತಿತ್ತು ಅಂತ ಅವತ್ತೇ ಹೇಳಿದ್ನಲ್ಲೋ," ಎಂದಳು. "ಅದನ್ನೇ ಬರ್ಕೊಂಡಿದ್ರೆ ಆಗ್ತಿತ್ತು."

"ನಿನ್ನ ಮಾತು ಪುಸ್ತಕಕ್ಕೆ ಹಿಡಿಯಲ್ಲ ಅಜ್ಜಿ."

"ಸುಳ್ಳು ಹಿಡೀತಲ್ಲ."

ಅವಳು ಮತ್ತೆ ಎದ್ದು ಓಡಾಡಲಿಲ್ಲ. ಶ್ರಾವಣದಲ್ಲಿ ತೀರಿಕೊಂಡಳು.

ತಿಥಿ ಮುಗಿದ ಮರುದಿನ ಅವನು ಬಸ್ಸು ಹತ್ತಿ ಶಶಿಕಿರಣರ ಕಚೇರಿಗೆ ಹೋದ. ಬೈಯುತ್ತಾರೆ, ಕೆಲಸದಿಂದ ತೆಗೆಯುತ್ತಾರೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದ. ಎಲ್ಲ ಕೇಳಿಯೂ ಶಶಿಕಿರಣ್ ಬೈಯಲಿಲ್ಲ. ಎದ್ದು ಬಾಗಿಲು ಹಾಕಿ ಬಂದರು. ಲ್ಯಾಪ್‌ಟಾಪಿನಲ್ಲಿ ಆ ಹಳೆಯ ಹಾಳೆ ತೆಗೆದು, ಅವನು ಹೇಳಿದಂತೆ ಅಂಕಿಗಳನ್ನು ಅಳಿಸಿದರು, ಎರಡು ಕಡೆ ಸೊನ್ನೆ ಒತ್ತಿದರು. ಪರದೆಯ ಮೇಲಿನ ನೀಲಿ ಗೆರೆ ಒಮ್ಮೆಲೇ ತಳಕ್ಕೆ ಕುಸಿಯಿತು. ಇಬ್ಬರೂ ಅದನ್ನೇ ನೋಡಿದರು.

"ಹೀಗಿದ್ದಿದ್ರೆ ಯೋಜನೆ ಆಗ್ತಿರ್ಲಿಲ್ಲ ಅಲ್ವಾ ಸಾರ್?"

"ಆಗ್ತಿತ್ತು. ಪೈಪು ಖರೀದಿಗೆ ಮಂಜೂರಾತಿ ಸಿಕ್ಕ ಮೇಲೇ ನನ್ನನ್ನ ನಿಮ್ಮನೆಗೆ ಕಳ್ಸಿದ್ದು. ಅವ್ರಿಗೆ ಫೈಲಿಗೆ ಹಾಕೋಕೆ ಒಂದು ವರದಿ ಬೇಕಿತ್ತು ಅಷ್ಟೆ." ಕುರ್ಚಿಯನ್ನು ಅವನ ಕಡೆಗೆ ತಿರುಗಿಸಿ, "ಇದನ್ನ ಎತ್ತಿದ್ರೆ ಹೋಗೋದು ನಿಮ್ಮ ಕೆಲ್ಸ, ಆಮೇಲೆ ನಂದು. ನೀರಂತೂ ಬರಲ್ಲ," ಎಂದರು.

ಬದಲಾವಣೆ ಉಳಿಸಬೇಕೇ ಎಂದು ಪರದೆ ಕೇಳಿತು. ಶಶಿಕಿರಣ್ ಬೇಡ ಎಂದು ಒತ್ತಿದರು.

ಬಸ್ಸಿನಲ್ಲಿ ಮರಳುವಾಗ ದೇವೇಂದ್ರನಿಗೆ ಹಗುರವಾಗಬೇಕಿತ್ತು. ಐದು ವರ್ಷ ಎದೆಯ ಮೇಲೆ ಹೊತ್ತ ತಪ್ಪು ಯಾರಿಗೂ ಬೇಡದ ವಸ್ತುವಾಗಿತ್ತು. ಅವನ ಸುಳ್ಳಿಗೆ ಬೆಲೆಯಿರಲಿಲ್ಲ ಎಂದರೆ, ಆಷಾಢದ ಮಳೆಯಲ್ಲಿ ನೆನೆದು ಬರೆದ ನಿಜಕ್ಕೂ ಇರಲಿಲ್ಲ. ಹುಚ್ಚಮ್ಮನ ಸೊಂಟ ಮುರಿದದ್ದಕ್ಕಿಂತ ಅದು ಹೆಚ್ಚಾಗಿ ಕೊರೆಯಿತು. ಹಾಗೆ ಕೊರೆಯಿತೆಂದು ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಆದರೂ ಅವನು ಕಚೇರಿಗೆ ಒಂದು ಕಾಗದ ಬರೆದ. ಹನ್ನೊಂದು ತಾರೀಖುಗಳನ್ನೂ ನಮೂದಿಸಿ, ಇವು ನಾನು ನೋಡದೆ ಬರೆದ ಅಂಕಿಗಳು, ಆಮೇಲಿನ ಎರಡು ದಿನದವು ನೋಡಿಯೂ ಸುಳ್ಳು ಬರೆದವು ಎಂದು ಕೆಳಗೆ ಸಹಿ ಹಾಕಿ, ರಿಜಿಸ್ಟರ್ ಮಾಡಿ ಕಳಿಸಿದ. ಮುಟ್ಟಿದ್ದಕ್ಕೆ ಸೀಲು ಒತ್ತಿದ ಚೀಟಿ ಬಂತು. ಉತ್ತರ ಬರಲಿಲ್ಲ. ಕೆಲಸವೂ ಹೋಗಲಿಲ್ಲ. ಶಶಿಕಿರಣರಿಗೆ ಬಡ್ತಿ ಸಿಕ್ಕಿ ಬೇರೆ ಜಿಲ್ಲೆಗೆ ವರ್ಗವಾಯಿತು.

ಈ ವರ್ಷ ಅದೇ ವರದಿಯ ಆಧಾರದ ಮೇಲೆ ಯೋಜನೆಯ ಎರಡನೇ ಹಂತ ಮಂಜೂರಾಗಿದೆ. ಇನ್ನೂ ಆರು ಹಳ್ಳಿಗೆ ಕುಂಬ್ರಿಹಳ್ಳದ ನೀರು. ಪೈಪುಗಳು ಆಲ್ದೂರು ರಸ್ತೆಯ ಬದಿಯಲ್ಲಿ ರಾಶಿ ಬಿದ್ದಿವೆ.