ಗೌದೆನ್ಸಿಯೊ ತೋರಿಸಿದ ಜಾಗ

ನಮ್ಮ ಭಾವ ಗೌದೆನ್ಸಿಯೊ ಪೆಚ್ ಜೀವಮಾನದಲ್ಲಿ ಯಾರಿಗೂ ಮೋಸ ಮಾಡಿದವನಲ್ಲ. ಸುಳ್ಳು ಹೇಳುತ್ತಿದ್ದುದು ಒಂದೇ ವಿಷಯಕ್ಕೆ: ಆಕ್ಟೋಪಸ್ ಎಲ್ಲಿ ಸಿಕ್ಕಿತು ಎಂದು ಯಾರಾದರೂ ಕೇಳಿದರೆ. ಯುಕಟಾನ್ ಕಡಲದಡದ ನಮ್ಮೂರಿನಲ್ಲಿ ಅದು ಎಲ್ಲರೂ ಹೇಳುವ ಸುಳ್ಳೇ. ಪಶ್ಚಿಮಕ್ಕೆ ಸಿಕ್ಕಿದ್ದರೆ ಪೂರ್ವ ಅನ್ನಬೇಕು. ನಿಜ ಹೇಳಿದವನು ದಡ್ಡ. ಕೇಳಿದವನಿಗೂ ಅದು ಗೊತ್ತು, ನಕ್ಕು ಸುಮ್ಮನಾಗುತ್ತಾನೆ.

ನಲವತ್ತು ವರ್ಷ ಭಾವ ಪಶ್ಚಿಮಕ್ಕೆ ಕಡಲತಳದಲ್ಲಿದ್ದ ಒಂದೇ ಕಲ್ಲುಹಾಸಿನ ಮೇಲೆ ದೋಣಿ ತೇಲಿಬಿಟ್ಟ. ದೋಣಿಯ ಎರಡೂ ತುದಿಗೆ ಬಿದಿರಿನ ಗಳ, ಗಳಕ್ಕೆ ದಾರ, ದಾರಕ್ಕೆ ಜೀವಂತ ಏಡಿ. ಗಾಳಗೀಳ ಏನಿಲ್ಲ, ಏಡಿಯನ್ನು ತಬ್ಬಿಕೊಂಡ ಆಕ್ಟೋಪಸ್ ಅದನ್ನು ಬಿಡದೆ ಮೇಲೆ ಬರುತ್ತದೆ. "ಆಸೆಬುರುಕ ಮುಂಡೇದು, ನನ್ನ ಭಾಮೈದನ ಥರ" ಎಂದು ನನ್ನ ಕಡೆ ನೋಡುತ್ತಿದ್ದ. ಆ ಕಲ್ಲುಹಾಸನ್ನು ಅವನು ತೋರಿಸಿದ್ದು ನನಗೊಬ್ಬನಿಗೆ, ಅದೂ ನನ್ನಕ್ಕನ ಕಾಟ ತಡೆಯಲಾರದೆ.

ಸಿರಿವಂತರ ಬೇಸಿಗೆಮನೆಗಳ ಮುಂದಿನ ಮರಳನ್ನು ಕಡಲು ತಿಂದಾಗ ಹೂಳೆತ್ತುವ ಹಡಗು ಬಂತು. ಕಡಲತಳದ ಮರಳನ್ನು ಹೀರಿ ದಡಕ್ಕೆ ಸುರಿಯುವುದು, ಖರ್ಚು ನಾಲ್ಕು ಕೋಟಿ ಪೆಸೊ. ಕಡಲಿಗೆ ಅಡ್ಡ ಗೋಡೆ ಕಟ್ಟಿ ಮರಳು ಹರಿದು ಬರದ ಹಾಗೆ ಮಾಡಿದವರೂ ಆ ಸಿರಿವಂತರೇ. ನನಗೆ ಆಗಲೇ ಥೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಹಡಗಿನ ಜೊತೆ ಬಂದ ಎಂಜಿನಿಯರ್ ನಮ್ಮ ಮುಂದೆ ನಕಾಶೆ ಹಾಸಿದ. "ಯಜಮಾನ್ರೆ, ನೀವು ಹಿಡಿಯೋ ಜಾಗ ತೋರಿಸ್ಬಿಡಿ. ಅದನ್ನ ಬಿಟ್ಟು ಬೇರೆ ಕಡೆ ತೆಗೀತೀವಿ."

ಸುತ್ತ ಎಂಟು ಮಂದಿ ಮೀನುಗಾರರು ನಿಂತಿದ್ದರು. ಅವರೆದುರಿಗೆ ಭಾವ ತನ್ನ ಜಾಗ ತೋರಿಸಿಯಾನೆ? ಬೆರಳು ಪೂರ್ವದ ಬರೀ ಮರಳಿನ ಬಯಲಿಗೆ ಹೋಯಿತು. "ಇಲ್ಲೇ ಸಾಹೇಬ್ರೆ, ರಾಶಿ ಸಿಗುತ್ತೆ." ಪಕ್ಕದಲ್ಲಿದ್ದ ನಾನೂ ಬಾಯಿ ಬಿಡಲಿಲ್ಲ. ಆಮೇಲೆ ಗುಟ್ಟಾಗಿ ಹೋಗಿ ನಿಜ ಹೇಳಿ ಬರುವಷ್ಟು ಬುದ್ಧಿಯೂ ಇಬ್ಬರಿಗೂ ಬರಲಿಲ್ಲ.

ಹಡಗಿನವರು ಮಾತು ಉಳಿಸಿಕೊಂಡರು. ಪೂರ್ವವನ್ನು ಮುಟ್ಟಲಿಲ್ಲ. ಪಶ್ಚಿಮದಲ್ಲಿ, ನಮ್ಮ ಕಲ್ಲುಹಾಸಿನ ಪಕ್ಕಕ್ಕೇ ಅಂಟಿಕೊಂಡಿದ್ದ ಮರಳುದಿಬ್ಬವನ್ನು ಒಂದು ತಿಂಗಳು ಹೀರಿದರು. ಎದ್ದ ಬಗ್ಗಡ ಕಲ್ಲಿನ ಪೊಟರೆಗಳಲ್ಲಿ ಕೂತು ಮೆತ್ತಿಕೊಂಡಿತು. ಆಗಸ್ಟ್‌ನಲ್ಲಿ ಹಂಗಾಮು ಶುರುವಾದಾಗ ನಮ್ಮ ಏಡಿಗಳು ಹೋದ ಹಾಗೇ ವಾಪಸು ಬಂದವು. ಅಕ್ಕ ಅವನ್ನೇ ಸಾರು ಮಾಡಿದಳು.

"ಬಾಯ್ಬಿಟ್ಟು ಹೇಳಕ್ಕೆ ಏನಾಗಿತ್ತು ನಿಮ್ಗೆ?" ಎಂದು ಗಂಡನ ಮೇಲೆ ರೇಗಿದಳು.

"ಅಷ್ಟು ಜನರ ಮುಂದೆ ಯಾರಾದ್ರೂ ಹೇಳ್ತಾರೇನೆ?" ಎಂದ ಭಾವ. ತಟ್ಟೆಯನ್ನು ಹಾಗೇ ಸರಿಸಿ ಎದ್ದುಹೋದ.

ನವೆಂಬರ್‌ನಲ್ಲಿ ಬಡಗಣ ಗಾಳಿ ಮೂರು ದಿನ ಬೀಸಿತು. ಹೊಸ ದಡವನ್ನು ಕಡಲು ಗುಡಿಸಿಕೊಂಡು ಹೋಯಿತು. ನಾಲ್ಕು ಕೋಟಿಯೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಸಿರಿವಂತರು ಅಲ್ಲಿ ಕುರ್ಚಿ ಹಾಕಿ ಕೂತದ್ದು ಎರಡೇ ತಿಂಗಳು. ಅದಕ್ಕೆ ನಮ್ಮ ನಲವತ್ತು ವರ್ಷ ಹೋಯಿತಲ್ಲ ಎಂದು ನೆನೆದರೆ ಉಗಿಯಬೇಕು ಅನ್ನಿಸುತ್ತದೆ.

ಮರುವರ್ಷ ಎಂಜಿನಿಯರ್ ಮತ್ತೆ ನಕಾಶೆ ಹಿಡಿದು ಬಂದ. "ಈ ಸಲ ಯಾವ ಜಾಗ ಬಿಡ್ಬೇಕು ಯಜಮಾನ್ರೆ?"

ಭಾವ ಎಲ್ಲರೆದುರಿಗೇ ಪಶ್ಚಿಮದ ಮೇಲೆ ಬೆರಳಿಟ್ಟ. "ನನ್ನ ಜಾಗ ಇದು. ನಲವತ್ತು ವರ್ಷ ಇಲ್ಲೇ ಹಿಡ್ದಿದ್ದೀನಿ. ಈಗ ಇಲ್ಲಿ ಒಂದೂ ಸಿಗಲ್ಲ."

ಮೀನುಗಾರರಲ್ಲಿ ಒಬ್ಬನೂ ನಗಲಿಲ್ಲ. ಎಂಜಿನಿಯರ್‌ನ ಮುಖ ಮಾತ್ರ ಅರಳಿತು.

"ಒಳ್ಳೇದೇ ಆಯ್ತು ಬಿಡಿ" ಎಂದು ಅಲ್ಲೊಂದು ಗುರುತು ಹಾಕಿಕೊಂಡ. "ಇಲ್ಲಿ ತೆಗೆದ್ರೆ ಯಾರಿಗೂ ನಷ್ಟ ಇಲ್ಲ."