ಬೋರಲು ಬಿದ್ದ ಮುಚ್ಚಳ

ಗ್ಯಾರೇಜಿಗೆ ಬರುವವರೆಲ್ಲ ಅವನನ್ನು ಗಟ್ಟಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಆಸಾಮಿ ಊದಿದರೆ ಹಾರುವಂತಿದ್ದ. ಗಟ್ಟಿಯಿದ್ದದ್ದು ಅವನು ಇಂಜಿನ್ನಿಗೆ ಹಾಕುತ್ತಿದ್ದ ಆಯಿಲ್ ಮಾತ್ರ. ಯಾವ ಕಾರು ಬಂದರೂ ಒಂದು ತೊಟ್ಟನ್ನು ಎರಡು ಬೆರಳ ನಡುವೆ ತಿಕ್ಕಿ, "ಇದೇನ್ ಆಯಿಲ್ಲಾ, ನೀರಾ?" ಎಂದು ಮೂಗು ಮುರಿದು, ಮೂಲೆಯ ಪೀಪಾಯಿಯಿಂದ 20W-50 ಎಂಬ ಗಟ್ಟಿ ಆಯಿಲ್ ಸುರಿಯುತ್ತಿದ್ದ. ಡಬ್ಬದ ಮೇಲಿನ ಅಂಕಿಗಳು ಬೆರಳಿಲ್ಲದವರಿಗೆ ಎಂಬುದು ಅವನ ವಾದ.

ಅವನ ತಂಗಿ ಸಣ್ಣದೊಂದು ಹೊಸ ಕಾರು ಕೊಂಡಾಗ ಅಣ್ಣನಿಗೆ ಪ್ರೀತಿ ಉಕ್ಕಿತು. ಪ್ರೀತಿ ಉಕ್ಕಿದರೆ ಅವನ ಕೈ ಹೋಗುತ್ತಿದ್ದದ್ದೂ ಆ ಪೀಪಾಯಿಗೇ. ತಂಗಿಗೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಬೆಳಗಿನ ಕೊರೆಯುವ ಚಳಿಯಲ್ಲೇ ಹೊರಡಬೇಕು. ಎರಡು ವರ್ಷಕ್ಕೆ ಇಂಜಿನ್ ಟಕಟಕ ಎಂದಿತು. ಮೂರನೆಯ ವರ್ಷ ನಿಂತೇಹೋಯಿತು.

"ಅಣ್ಣಾ, ಆಯಿಲ್ಲೇ ಸರಿಯಿಲ್ವೇನೋ, ನೋಡೋ," ಎಂದಳು ತಂಗಿ.

ಅಂದು ಗ್ಯಾರೇಜಿನಲ್ಲಿ ಹತ್ತು ಜನ ಗಿರಾಕಿಗಳಿದ್ದರು. ಜನ ಕಂಡರೆ ಮೇಸ್ತ್ರಿಯ ನಾಲಿಗೆಗೆ ಕಡಿವಾಣವಿರುತ್ತಿರಲಿಲ್ಲ.

"ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ! ಸ್ಟಾರ್ಟ್ ಮಾಡಿದ್ ತಕ್ಷಣ ಗರ್ರ್ ಅಂತ ತುಳಿದ್ರೆ ಇಂಜಿನ್ ಪಾಪ ಏನ್ ಮಾಡುತ್ತೆ? ನಿಂಗೆ ಹೊಲಿಗೆ ಮಿಷಿನ್ ತುಳಿಯೋದೇ ಸರಿ ಬಿಡೆ!"

ಎಲ್ಲರೂ ನಕ್ಕರು. ತಂಗಿ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಬಸ್ಸು ಹತ್ತಿದಳು. ಮತ್ತೆಂದೂ ಸ್ಟಿಯರಿಂಗ್ ಮುಟ್ಟಲಿಲ್ಲ. ಕಾರು ಗುಜರಿಗೆ ಹೋಯಿತು. ಅದರ ಆಯಿಲ್ ಮುಚ್ಚಳವೊಂದು ಮೇಸ್ತ್ರಿಯ ಮೇಜಿನ ಮೇಲೆ ಬೋರಲು ಬಿದ್ದು, ಚಿಲ್ಲರೆ ನಟ್ಟುಗಳಿಗೆ ಬಟ್ಟಲಾಯಿತು.

ಆರು ವರ್ಷದ ಮೇಲೆ ಅಂಥದ್ದೇ ಕಾರಿನ ಮೇಡಂ ಒಬ್ಬರು ಬಂದರು. ಶಾಲೆಯ ಟೀಚರು, ಕೈಯಲ್ಲಿ ಗಾಡಿಯ ಪುಸ್ತಕ.

"ಮೇಸ್ತ್ರಿ, ಇದಕ್ಕೆ 0W-20ನೇ ಹಾಕ್ಬೇಕು."

"ಅಷ್ಟು ತೆಳುವಾ? ಇಂಜಿನ್ ಉಪವಾಸ ಸಾಯುತ್ತೆ ಮೇಡಂ."

"W ಅಂದ್ರೆ ಚಳಿ ಲೆಕ್ಕ ಕಣ್ರೀ. ಅದಕ್ಕಿಂತ ಮೊದಲಿರೋ ಅಂಕಿ ಕಮ್ಮಿಯಿದ್ದಷ್ಟೂ ಆಯಿಲ್ ಚಳೀಲಿ ಬೇಗ ಹರಿಯುತ್ತೆ. ಕೊನೇದು, ಬಿಸಿಯಾದಾಗ ಎಷ್ಟು ಗಟ್ಟಿ ಅಂತ. ಇದರೊಳಗಿನ ಸಂದಿಗಳು ಸಣ್ಣವು. ಬೆಳಗ್ಗೆ ನಿಮ್ಮ ಗಟ್ಟಿ ಆಯಿಲ್ ಮೇಲೆ ಹತ್ತೋದ್ರೊಳಗೆ ಎಲ್ಲ ಸವೆದಿರುತ್ತೆ. ಮುಚ್ಚಳದ ಮೇಲೇ ಬರೆದಿದೆಯಲ್ಲ!"

ಮೇಸ್ತ್ರಿ ಮೇಜಿನ ಮೇಲಿದ್ದ ತಂಗಿಯ ಕಾರಿನ ಮುಚ್ಚಳವನ್ನು ಮಗುಚಿದ. ನಟ್ಟುಗಳು ಚೆಲ್ಲಾಪಿಲ್ಲಿಯಾದವು. ಧೂಳು ಒರೆಸಿದರೆ, 0W-20. ಬೆರಳಿಂದ ಮತ್ತೆ ಮತ್ತೆ ತಿಕ್ಕಿದ, ಅಂಕಿ ಅಳಿಯಲಿಲ್ಲ.

ಭಾನುವಾರ ತಂಗಿಯ ಅಡುಗೆಮನೆಯಲ್ಲಿ ತಲೆ ತಗ್ಗಿಸಿ ಕೂತ. "ನಿನ್ನ ತಪ್ಪೇನೂ ಇರ್ಲಿಲ್ಲ ಕಣೆ. ಕಾರು ಕೊಂದೋನು ನಾನೇ."

ತಂಗಿ ಬಟಾಣಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಅವತ್ತು ಹತ್ತು ಜನರ ಮುಂದೆ ಹೇಳ್ದೆ. ಇವತ್ತು ಬಟಾಣಿ ಮುಂದೆ ಹೇಳ್ತಿದ್ದೀಯ."

ಸೋಮವಾರ ಮೇಸ್ತ್ರಿ ಗ್ಯಾರೇಜು ತುಂಬುವವರೆಗೆ ಕಾದು ಗಂಟಲು ಸರಿಪಡಿಸಿಕೊಂಡ. "ನನ್ನ ತಂಗಿ ಚೆನ್ನಾಗೇ ಓಡಿಸ್ತಿದ್ಲು. ಇಂಜಿನ್ ಹಾಳ್ ಮಾಡಿದ್ದು ನಾನು."

ಜನ ಘೊಳ್ಳೆಂದು ನಕ್ಕರು. "ಏನ್ ಮೇಸ್ತ್ರಿ, ಇವತ್ತು ನಿಮ್ಮನ್ನೇ ಗೇಲಿ ಮಾಡ್ಕೊಳ್ಳೋ ಸರದೀನಾ?"

ಇನ್ನೊಮ್ಮೆ ಹೇಳಿದ. ಇನ್ನೂ ಜೋರಾಗಿ ನಕ್ಕರು. ಜೀವಮಾನವಿಡೀ ನಗಿಸಿದ್ದರ ಫಲ. ಮೂರನೆಯ ಸಲ ಆ ಮುಚ್ಚಳವನ್ನು ಎತ್ತಿ ಹಿಡಿದು, ಅದರ ಮೇಲಿನ ಅಂಕಿ ಓದಿ, ಮೂಲೆಯ ಪೀಪಾಯಿಯತ್ತ ಕೈ ತೋರಿದ. ಆಗ ಯಾರೂ ನಗಲಿಲ್ಲ. ಅದನ್ನು ನೋಡಬೇಕಾದವಳು ಆ ಹೊತ್ತಿಗೆ ಲ್ಯಾಬಿನಿಂದ ವಾಪಸಾಗುವ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದಳು.