ಅಪ್ಪನ ಕೈ ಹತ್ತಿದ ಹುಳ

ಅಪ್ಪನಿಗೆ ಲಕ್ವ ಹೊಡೆದಾಗ ನನಗೆ ಇಪ್ಪತ್ತೆರಡು. ಚಿಂತೆ ಮಾಡುವುದರಲ್ಲಿ ಆಗಲೇ ಐವತ್ತು ದಾಟಿದ್ದೆ. ಎಂಬತ್ತರ ದಶಕದ ಮೊದಲ ವರ್ಷಗಳವು. ಹೋಳೂರಿನ ಹತ್ತಿರದ ನಮ್ಮ ಮನೆಯಲ್ಲಿ ಅರ್ಧ ಭಾಗ ನಮ್ಮದು, ಅರ್ಧ ರೇಷ್ಮೆ ಹುಳುಗಳದು. ಅಪ್ಪನ ಕಾಲು ಬೇಗ ಚೇತರಿಸಿತು. ಬಲಗೈ ಮಾತ್ರ, ಯಾರೋ ಏನನ್ನೋ ಕಿತ್ತುಕೊಳ್ಳಲು ಬಂದಿದ್ದಾರೆ ಎಂಬಂತೆ ಮುಷ್ಟಿ ಕಟ್ಟಿಕೊಂಡೇ ಇತ್ತು.

ಕೋಲಾರದ ಆಸ್ಪತ್ರೆಯಲ್ಲಿ ವ್ಯಾಯಾಮ ಕಲಿಸುವಾಕೆ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅಗಲಿಸಿ, ಬೆರಳು ಬಿಚ್ಚಿಯೇ ಇರುವಂತೆ ಹಿಡಿದಿಡುವ ಪ್ಲಾಸ್ಟರಿನ ಸ್ಪ್ಲಿಂಟ್ ಅಳತೆಗೆ ಸರಿಯಾಗಿ ಮಾಡಿಕೊಟ್ಟರು. ದಿನವೂ ಕಟ್ಟಬೇಕು, ನಡುನಡುವೆ ಬಿಚ್ಚಿ ಬೆರಳಾಡಿಸಬೇಕು, ಕಟ್ಟದಿದ್ದರೆ ಕೈ ಹೀಗೇ ಮುಚ್ಚಿಹೋಗುತ್ತದೆ ಎಂದರು. ವಾಪಸು ಬರುವಾಗ ನನ್ನ ಕೈಯೂ ಮುಚ್ಚಿಹೋಗುತ್ತಿದೆಯೇನೋ ಎಂದು ಬಸ್ಸಿನಲ್ಲಿ ಮುಷ್ಟಿ ಬಿಚ್ಚಿ ಬಿಚ್ಚಿ ನೋಡಿಕೊಂಡೆ. ಕಂಡಕ್ಟರು ಐದು ಟಿಕೆಟ್ ಹರಿಯಲು ಹೊರಟಿದ್ದ.

ಅಪ್ಪ ಅದನ್ನು ಕಟ್ಟಿಸಿಕೊಳ್ಳಲೇ ಒಲ್ಲರು. ಭಾರ, ಬೆವರು, ನವೆ. ಒಮ್ಮೆ ಹಿಪ್ಪುನೇರಳೆ ಸೊಪ್ಪಿನ ರಾಶಿಯೊಳಗೆ ಬಚ್ಚಿಟ್ಟರು. ಇನ್ನೊಮ್ಮೆ ಅದು ದನದ ಬಾನಿಗೆ ಬಿದ್ದು ನೆನೆದು ಮೆತ್ತಗಾಯಿತು. ತಾನಾಗೇ ಬಿತ್ತು ಎಂದರು. ಆಸ್ಪತ್ರೆಗೆ ಹೋದರೆ ಬೈಗುಳ ನನಗೇ ಎಂದು ಹೆದರಿ, ಆ ಮುದ್ದೆಯನ್ನು ಮುಳಬಾಗಿಲಿನ ಚಂದ್ರಿಕೆ ಹೆಣೆಯುವವರ ಬಳಿ ಒಯ್ದೆ. ಚಂದ್ರಿಕೆಯೆಂದರೆ ಹುಳುಗಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆ. ಮೇಲೆಲ್ಲ ಸುರುಳಿ ಸುರುಳಿ ಪಟ್ಟಿ. ಅವರಲ್ಲೊಬ್ಬ ಮುದುಕ ನನ್ನ ಮುದ್ದೆಯನ್ನು ಹೊರಳಿಸಿ ಹೊರಳಿಸಿ ನೋಡಿ, "ಇದೇನಪ್ಪಾ, ಚಂದ್ರಿಕೆ ಹಾಕಿದ ಮರಿನಾ?" ಅಂದ. ಆದರೂ ಅದೇ ಆಕಾರಕ್ಕೆ ಬಿದಿರಿನಲ್ಲಿ ಹೆಣೆದುಕೊಟ್ಟ. ಕೈಗೆ ಬಂದ ಅಭ್ಯಾಸ, ಅಂಚಿನುದ್ದಕ್ಕೂ ಸುರುಳಿ ಪಟ್ಟಿಯನ್ನೂ ಇಟ್ಟಿದ್ದ. ಬೇಡವೆನ್ನಲು ನನಗೆ ಧೈರ್ಯ ಬರಲಿಲ್ಲ.

ಹಗುರವಾಗಿದೆ ಎಂದು ಅಪ್ಪ ಒಪ್ಪಿದರು. ಒಪ್ಪಿ, ಕಾಲು ಗಂಟೆಗೆಲ್ಲ ಬಿಚ್ಚಿಸುತ್ತಿದ್ದರು.

ಆ ವಾರ ಹುಳುಗಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದವು. ಮನೆಮಂದಿಯೆಲ್ಲ ಅವನ್ನು ಆರಿಸಿ ಚಂದ್ರಿಕೆಗೆ ಬಿಡುತ್ತಿದ್ದೆವು. ಅಪ್ಪನೂ ಎಡಗೈಯಲ್ಲಿ ಆರಿಸುತ್ತ ಕೂತಿದ್ದರು. ಬಲಗೈಗೆ ಅಮ್ಮ ಸ್ಪ್ಲಿಂಟ್ ಬಿಗಿದಿದ್ದಳು. ಸ್ವಲ್ಪ ಹೊತ್ತಿಗೆ ನೋಡಿದರೆ, ಅವರ ಕಿರುಬೆರಳ ಪಕ್ಕದ ಸುರುಳಿಯಲ್ಲಿ ಒಂದು ಹುಳ ತಲೆಯಾಡಿಸುತ್ತ ನೂಲು ಬಿಡುತ್ತಿತ್ತು.

ಅಮ್ಮ ಅದನ್ನು ಎತ್ತಿ ಬೇರೆ ಕಡೆ ಬಿಡಲು ಹೋದಳು.

"ಕಟ್ಟೋಕೆ ಶುರು ಮಾಡಿರೋ ಹುಳನ ಮುಟ್ತಾರೇನೇ? ಬಿಡೇ ಅದನ್ನ."

"ಅದು ಕಟ್ತಾ ಇರೋದು ನಿಮ್ಮ ಕೈ ಮೇಲೆ."

"ಕಟ್ಕೊಳ್ಳಲಿ ಬಿಡು."

ಅಲ್ಲಿಂದ ನಾಲ್ಕು ದಿನ ಅಪ್ಪ ಕೈ ಅಲುಗಿಸಲಿಲ್ಲ. ದಿಂಬಿನ ಮೇಲೆ ಕೈಯಿಟ್ಟು, ಹತ್ತಿರ ಬಂದವರಿಗೆಲ್ಲ ಮೆಲ್ಲಗೆ ನಡೆಯಲು ಹೇಳುತ್ತಿದ್ದರು. ಅಮ್ಮ ರಾಗಿಮುದ್ದೆ ಮುರಿದು ತಿನ್ನಿಸಿದಳು. ಇಷ್ಟು ದಿನ ಅಪ್ಪ ಕಟ್ಟುವುದಿಲ್ಲವೆಂದು ಒಣಗುತ್ತಿದ್ದ ನಾನು, ಈಗ ಬಿಚ್ಚುವುದಿಲ್ಲವೆಂದು ಒಣಗತೊಡಗಿದೆ. ನಡುನಡುವೆ ಬೆರಳಾಡಿಸಬೇಕು ಎಂದಿದ್ದರಲ್ಲ. ಆಸ್ಪತ್ರೆಯಲ್ಲಿ ಹೇಗೆ ವಿವರಿಸುವುದೆಂದು ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡೆ. ಯಾವ ರೀತಿ ಹೇಳಿದರೂ ಅವರು ಅಪ್ಪನನ್ನು ಬಿಟ್ಟು ನನ್ನನ್ನು ಸೇರಿಸಿಕೊಳ್ಳುವ ಹಾಗಿತ್ತು.

ಐದನೇ ದಿನ ಗೂಡು ಗಟ್ಟಿಯಾಗಿತ್ತು. ಸ್ಪ್ಲಿಂಟ್ ಬಿಚ್ಚಿದೆ. ಬೆರಳುಗಳು ಒಮ್ಮೆಲೇ ಮುದುಡಲಿಲ್ಲ, ಯೋಚಿಸಿ ಯೋಚಿಸಿ ಅರ್ಧಕ್ಕೆ ನಿಂತವು. ಗೂಡು ಬಿಡಿಸಲು ಅಮ್ಮ ಕೈ ಚಾಚಿದಾಗ ಅಪ್ಪ ಬೇಡವೆಂದು ತಲೆಯಾಡಿಸಿದರು. ಬಲಗೈಯನ್ನೇ ಒಯ್ದು, ಹೆಬ್ಬೆರಳು ತೋರುಬೆರಳು ಸೇರಿಸಿದರು. ಜಾರಿತು. ಮತ್ತೆ ಜಾರಿತು. ಅಷ್ಟು ಹೊತ್ತಿಗೆ ಅಕ್ಕಪಕ್ಕದ ಇಬ್ಬರು ಮೂವರು ಒಳಗೆ ಬಂದು, ಯಾಕೆಂದು ತಿಳಿಯದೆ ತಾವೂ ಕತ್ತು ಚಾಚಿ ನೋಡುತ್ತಿದ್ದರು. ಕೊನೆಗೆ ಗೂಡು ಸುತ್ತ ಅಂಟಿದ್ದ ನೂಲಿನ ಜುಂಜಿನ ಸಮೇತ ಕಿತ್ತು ಬಂತು.

ಅಪ್ಪ ಕೈಯನ್ನು ನನ್ನ ಮುಂದೆ ಚಾಚಿದರು. "ಕಟ್ಟು. ಇನ್ನೊಂದು ಹುಳ ತಾ."

ನಮ್ಮ ಹುಳುಗಳೆಲ್ಲ ಗೂಡಿನೊಳಗೆ ಸೇರಿಯಾಗಿತ್ತು. ಸೈಕಲ್ ಹತ್ತಿ ಪಕ್ಕದೂರಿಗೆ ಹೋಗಿ, ಹುಳು ಹಣ್ಣಾಗಿದ್ದ ಮನೆಯೊಂದರಲ್ಲಿ ಒಂದೇ ಒಂದು ಹುಳ ಕೇಳಿದೆ. ಯಾತಕ್ಕೆ ಎಂದರು. ಅಪ್ಪನ ಕೈಗೆ ಎಂದೆ. ಅವರು ಒಂದನ್ನು ಆರಿಸಿ ಕೊಟ್ಟರು. ಟಿಫನ್ ಡಬ್ಬಿಯಲ್ಲಿ ಅದನ್ನು ಇಟ್ಟುಕೊಂಡು, ದಾರಿಯಲ್ಲೇ ಅದು ಡಬ್ಬಿಯಲ್ಲಿ ಗೂಡು ಕಟ್ಟಲು ಶುರು ಮಾಡಿಬಿಟ್ಟರೆ ಗತಿಯೇನು ಎಂದು ಜೋರಾಗಿ ಪೆಡಲ್ ತುಳಿದೆ.